ದಯವಿಟ್ಟು ಮಾತಾಡಿಸಬೇಡಿ

ಕಳೆದ ಭಾನುವಾರ ಬೈಲಹೊಂಗಲದಿಂದ ನೇಸರಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ತೊಡೆಯ ಮೇಲೆ ಒಂದು ಕೈಚೀಲ, ಅದರಲ್ಲಿ ಬಾಳೆಹಣ್ಣು ಮತ್ತು ಒಂದು ಬ್ರೆಡ್ಡು. ನಾನು ಕನ್ನಡ ಕಲಿಸುವ ಹೈಸ್ಕೂಲಿನ ಹಿಂದಿ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ತವರಿನಲ್ಲಿ ಮಲಗಿದ್ದಾರೆ. ಅವರನ್ನು ಮಾತಾಡಿಸಿಕೊಂಡು ಬರಲು ಹೊರಟಿದ್ದೆ. ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವುದಿಲ್ಲ, ಮಾತಾಡಿಸಲು ಹೋಗುತ್ತೇವೆ. ಬಿಸಿಲಿಗೆ ಚೀಲದೊಳಗೆ ಬಾಳೆಹಣ್ಣು ಬೆಚ್ಚಗಾಗಿ, ಬ್ರೆಡ್ಡಿನ ಹುಳಿವಾಸನೆಯೊಂದಿಗೆ ಕೂಡಿ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನನಗೆ ಸಿಟ್ಟು ಬಂತು.

ಬೇರೆಯವರಿಗೆ ಈ ವಾಸನೆಯಿಂದ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ರಾಮದುರ್ಗದ ನಮ್ಮ ಮನೆ, ನಾಲ್ಕು ವರ್ಷದ ಹಿಂದಿನ ಚಳಿಗಾಲ, ಮತ್ತು ನಡುಮನೆಯಲ್ಲಿ ಆರು ಹಾಡು ರೆಕಾರ್ಡು ಮಾಡಲು ನಾವು ನಾಲ್ವರು ಪಟ್ಟ ಪಾಡು. ಆ ಚಳಿಗಾಲ ನಮ್ಮ ಮನೆಗೆ ಬಂದಷ್ಟು ಬಾಳೆಹಣ್ಣು ಊರ ಸಂತೆಗೂ ಬಂದಿರಲಿಕ್ಕಿಲ್ಲ.

ನಮ್ಮ ಬ್ಯಾಂಡಿನ ಹೆಸರೇ ‘ನಡುಮನಿ’. ಹೆಸರಿಟ್ಟವಳು ನನ್ನ ತಂಗಿ ಸುವರ್ಣಾ. ಹಾಡು ಬರೆಯುವವಳೂ ಹಾಡುವವಳೂ ಅವಳೇ. ಗಿಟಾರು ಮತ್ತು ರೆಕಾರ್ಡಿಂಗು ಇರ್ಫಾನನದು. ಅವನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಇತ್ತು, ಆದ್ದರಿಂದ ವಯರು ಇರುವ ವಸ್ತುಗಳೆಲ್ಲ ಅವನ ಸುಪರ್ದಿಗೆ. ಢೋಲಕ್ ಬಾರಿಸುವ ಬಸು ತಂಗಿಯ ಜೊತೆ ಡಿಗ್ರಿ ಓದಿದವನು. ಎರಡು ನಿಮಿಷ ಸುಮ್ಮನೆ ಕೂಡು ಎಂದರೆ ತೊಡೆಯನ್ನೇ ಬಾರಿಸುತ್ತ ಕೂಡುವ ಪ್ರಾಣಿ. ಪೇಟಿ, ಅಂದರೆ ಹಾರ್ಮೋನಿಯಂ, ನನ್ನದು. ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದೆ. ನಾಲ್ವರಲ್ಲಿ ನಾನೇ ದೊಡ್ಡವಳು, ಹಾಗಾಗಿ ಬೈಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಬ್ಯಾಂಡು ಎಂದರೆ ಊರಿಗೆಲ್ಲ ಒಂದೇ ಅರ್ಥ. ಕಾಯಿಪಲ್ಲೆ ಮಾರುವ ಹೆಂಗಸು ಕೂಡ ನನ್ನನ್ನು ನಿಲ್ಲಿಸಿ, “ನೀವು ಬ್ಯಾಂಡ್ ಕಟ್ಟೀರಂತಲ್ಲವಾ, ನಮ್ಮ ಹುಡುಗನ ಮದವಿ ಮೆರವಣಿಗಿಗೆ ಬರ್ತೀರೇನು? ಕೆಂಪ ಕೋಟು ನಿಮ್ಮವ ಅದಾವೋ, ನಾವ ಹೊಲಸಬೇಕೋ?” ಎಂದು ಕೇಳಿದ್ದಳು. ನಮ್ಮದು ಆ ಥರದ ಬ್ಯಾಂಡ್ ಅಲ್ಲ ಎಂದರೆ, “ಹಂಗಾರ ಎಂಥಾದ್ದು?” ಎಂಬ ಮರುಪ್ರಶ್ನೆ.

ಆ ವರ್ಷ ದಸರೆಯ ಹೊತ್ತಿಗೆ ಸುವರ್ಣಾಳ ಗಂಟಲು ಕಟ್ಟಿತು. ನೆಗಡಿ ಇರಬೇಕೆಂದು ಕಷಾಯ ಕುಡಿಸಿದೆವು. ದೀಪಾವಳಿ ಮುಗಿದರೂ ಧ್ವನಿ ಬಿಡಲಿಲ್ಲ. ಬೆಳಗಾವಿಗೆ ಕರೆದುಕೊಂಡು ಹೋದೆ. ಡಾಕ್ಟರು ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯ ಮೇಲೆ ಗಂಟು ಬೆಳೆದಿದೆ, ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು ಎಂದರು. ಸಂಕ್ರಾಂತಿ ಮುಗಿದ ಮೇಲೆ ಆಪರೇಷನ್.

“ಆಮೇಲೆ ಧ್ವನಿ ಮೊದಲಿನಂಗ ಆಕ್ಕೈತೇನ್ರಿ?” ಎಂದು ಕೇಳಿದೆ.

“ಆಗಬಹುದು, ಆಗದನೂ ಇರಬಹುದು. ಅದಕ್ಕ ನಾ ಮಾತು ಕೊಡಾಂಗಿಲ್ಲ” ಎಂದರು.

“ಅಲ್ಲೀತನಕಾ ಹಾಡಬಹುದೇನ್ರಿ?” ಇದು ಸುವರ್ಣಾಳ ಪ್ರಶ್ನೆ.

ಡಾಕ್ಟರು ಚೀಟಿ ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. “ಹಾಡಬ್ಯಾಡ ಅಂತ ಹೇಳೂದು ನನ್ನ ಕೆಲಸ. ನೀ ಏನ್ ಕೇಳೂ ಪೈಕಿ ಕಾಣೂದಿಲ್ಲ. ಹಾಡಲೇಬೇಕಂದ್ರ ದಿನಕ್ಕ ಚೂರು ಹಾಡ. ಆದ್ರ ಮಾತು ಪೂರಾ ಬಂದ್. ಪಿಸುಪಿಸು ಅನ್ನೂದೂ ಬ್ಯಾಡ. ಇದ್ದಷ್ಟ ಧ್ವನಿ ಹಾಡಿಗರ ಉಳೀಲಿ.”

ಹೊರಗೆ ಬಂದವಳೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮಕ್ಕಳು ಬರೆಯುವ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡಳು. ಬಸ್ಸು ಊರು ದಾಟುವ ಮೊದಲೇ ಪಾಟಿ ನನ್ನ ಮುಖಕ್ಕೆ ಹಿಡಿದಳು. ‘ಆಲ್ಬಮ್. ಈಗಲೇ.’ ಎರಡು ವರ್ಷದಿಂದ ಇವತ್ತು ನಾಳೆ ಎಂದು ಮುಂದೂಡುತ್ತ ಬಂದಿದ್ದ ಆಲ್ಬಮ್ಮು. ಅವಳಿಗೆ ಏನು ಅನ್ನಿಸುತ್ತಿದೆ ಎಂದು ನನಗೆ ಗೊತ್ತಿತ್ತು, ಅವಳು ಬರೆಯದಿದ್ದರೂ. ಧ್ವನಿ ಹೋದರೆ ಹೋಗಲಿ, ಹೋಗುವ ಮುಂಚೆ ಅದನ್ನು ಎಲ್ಲಾದರೂ ಇಟ್ಟು ಹೋಗಬೇಕು. ಹೂಂ ಎಂದೆ.

ಸ್ಟುಡಿಯೋದ ಮಾತೂ ಬಂತು. ಆದರೆ ಸ್ಟುಡಿಯೋದವರು ಇಂಥ ದಿನ, ಇಂಥ ಗಂಟೆಗೆ ಬನ್ನಿ ಎನ್ನುತ್ತಾರೆ. ಇವಳ ಧ್ವನಿ ಯಾವ ದಿನ, ಯಾವ ಗಂಟೆಗೆ ಬರುತ್ತದೆ ಎಂಬುದು ಇವಳಿಗೇ ಗೊತ್ತಿಲ್ಲ. ಒಂದು ದಿನ ತೆರೆದುಕೊಳ್ಳುತ್ತಿತ್ತು, ಎರಡು ದಿನ ಗರಗರ ಎನ್ನುತ್ತಿತ್ತು. ಧ್ವನಿ ಬಂದಾಗ ಹಿಡಿಯಬೇಕೆಂದರೆ ಮನೆಯಲ್ಲೇ ಆಗಬೇಕು. ಹೀಗೆ ನಮ್ಮ ನಡುಮನೆ ಸ್ಟುಡಿಯೋ ಆಯಿತು.

ಮೊದಲ ಕೆಲಸ, ಗೋಡೆಯಿಂದ ಗೋಡೆಗೆ ಪುಟಿಯುವ ದನಿಯನ್ನು ಅಡಗಿಸುವುದು. ಇರ್ಫಾನ ಎಲ್ಲೋ ವಿಡಿಯೋ ನೋಡಿ, “ನಂದಕ್ಕ, ಕೌದಿ ಬೇಕ್ರಿ, ಎಷ್ಟ ಸಿಗತಾವ ಅಷ್ಟು” ಎಂದ. ಚಳಿಗಾಲದಲ್ಲಿ ಹೊದೆಯುವ ಕೌದಿ ಯಾರು ಕೊಡುತ್ತಾರೆ? ಆದರೂ ಓಣಿಯವರು ಕೊಟ್ಟರು. ಹಳೆ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿಗಳನ್ನು ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟೆವು. ಒಂದು ಗೋಡೆಗೆ ಬಾಬಾಸಾಹೇಬರ ಮತ್ತು ಬುದ್ಧನ ಫೋಟೋ ಇದ್ದವು. ಅವನ್ನೂ ಮುಚ್ಚುವ ಮಾತು ಬಂದಾಗ ಅಪ್ಪ ಕಣ್ಣು ಕೆಂಪಗೆ ಮಾಡಿದ. “ಅವರನ್ನ ಮುಚ್ಚಿ ಎಂಥಾ ಹಾಡ ಹಾಡವ್ರ ನೀವು?” ಫೋಟೋದ ಗಾಜಿಗೆ ದನಿ ಬಡಿಯುತ್ತದೆ ಎಂದು ಇರ್ಫಾನ ಗೊಣಗಿ ಕೊನೆಗೆ ಮೈಕನ್ನೇ ಆಚೆ ಗೋಡೆಗೆ ತಿರುಗಿಸಿದ. ಫ್ಯಾನು ಬಂದ್, ಫ್ರಿಜ್ಜು ಬಂದ್. ಹಾಲು ಒಡೆದರೆ ಅವ್ವನ ಬೈಗುಳ. ಬಸು ಢೋಲಕ್‌ನ ದಪ್ಪ ಬದಿಗೆ ಬಡಿದರೆ ಅರಿವೆ ಇಡುವ ಕಬ್ಬಿಣದ ಟ್ರೆಜರಿಯ ಬಾಗಿಲು ಝಣಝಣ ಎನ್ನುತ್ತಿತ್ತು, ಅದಕ್ಕೂ ಒಂದು ಕೌದಿ ಹೊದಿಸಿದೆವು.

ಇಷ್ಟೆಲ್ಲ ಮಾಡಿದ ಮೇಲೆ ದನಿ ಒಳ್ಳೆಯದಾಗಿಯೇ ಬಂತು. ನಾವು ಅಡಗಿಸಲಾಗದೆ ಹೋದದ್ದು ಒಂದೇ. ಮಂದಿ.

ನಮ್ಮಪ್ಪ ಲೈನ್‌ಮನ್. ಊರಿನಲ್ಲಿ ಯಾವ ಮನೆಯ ಕರೆಂಟು ಹೋದರೂ ಅವನಿಗೇ ಫೋನು, ಹಾಗಾಗಿ ಊರಿಗೆ ಊರೇ ಅವನ ಪರಿಚಯ. ಲೈನ್‌ಮನ್ನರ ಸಣ್ಣ ಮಗಳಿಗೆ ಗಂಟಲಿನ ಆಪರೇಷನ್ನಂತೆ ಎಂಬ ಸುದ್ದಿ ಹಬ್ಬಲು ಒಂದು ಸಂತೆ ಸಾಕಾಯಿತು. ಅಲ್ಲಿಂದ ಶುರುವಾಯಿತು ನೋಡಿ ಮೆರವಣಿಗೆ. ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು, “ಅದಾರೇನ್ರಿ ಮನ್ಯಾಗ?” ಎಂಬ ಕೂಗು. ಸುವರ್ಣಾ ಎರಡನೇ ಚರಣಕ್ಕೆ ಏರುವ ಹೊತ್ತಿಗೆ ಸರಿಯಾಗಿ, “ಜೈಭೀಮ್ರಿ, ಹುಡುಗೀನ ಮಾತಾಡಿಸಿಕೊಂಡ ಹೋಗೂಣಂತ ಬಂದ್ವಿ.”

ಮಾತು ಬಂದ್ ಮಾಡಿ ಎಂದು ಡಾಕ್ಟರು ಹೇಳಿದ ಹುಡುಗಿಯನ್ನು ಮಾತಾಡಿಸಲು ಬರುವವರಿಗೆ ಏನು ಹೇಳಬೇಕು ನೀವೇ ಹೇಳಿ. ಅವಳು ಮಾತಾಡುವಂತಿಲ್ಲ ಎಂದು ನಾನು ವಿವರಿಸಿದರೆ ತಲೆದೂಗಿ ಕೇಳಿಸಿಕೊಂಡು, ಅವಳ ಕಡೆ ತಿರುಗಿ, “ಹೌದೇನವಾ ಸುವ್ವಿ? ಒಟ್ಟ ಮಾತಾಡೂಂಗಿಲ್ಲೇನು?” ಎಂದು ಕೇಳುತ್ತಿದ್ದರು. ಅವಳು ಪಾಟಿಯ ಮೇಲೆ ಬರೆದು ತೋರಿಸಿದರೆ, “ನನಗ ಚಸ್ಮಾ ಇಲ್ಲವಾ, ಏನ್ ಬರದೀಯೋ ಬಾಯಿಲೇ ಹೇಳಿಬಿಡು” ಎನ್ನುವವರು ಕೆಲವರು. ಒಬ್ಬರು ಮೆಣಸು ಅಗಿ ಎಂದರು, ಇನ್ನೊಬ್ಬರು ಮೆಣಸು ಮುಟ್ಟಲೇಬೇಡ ಎಂದರು. ಅಪ್ಪನ ಗೆಳೆಯರೊಬ್ಬರು, “ನಮ್ಮ ಭಾವನ ಅಣ್ಣಗೂ ಹಿಂಗ ಗಂಟ ಆಗಿತ್ರಿ. ಆತ ಈಗ ಇಲ್ಲ ಬಿಡ್ರಿ, ಆದ್ರ ಅದು ಬ್ಯಾರೆ ಕಾರಣಕ್ಕ” ಎಂದು ಧೈರ್ಯ ಹೇಳಿ ಹೋದರು.

ಇನ್ನು ಅವ್ವ. ಅವಳಿಗೆ ಮನೆಗೆ ಬಂದವರನ್ನು ಚಹಾ ಕುಡಿಸದೆ ಕಳಿಸುವುದು ಸಾಧ್ಯವೇ ಇಲ್ಲದ ಮಾತು. “ನಾವು ಹಾಡ ಹಿಡ್ಯಾಕತ್ತೇವಿ, ಆಮ್ಯಾಗ ಬರ್ರಿ ಅನ್ನಬೇ” ಎಂದರೆ, “ಅವರು ಬಾಳೆಹಣ್ಣ ತಂದಾರ, ನಾ ಬಾಗಲಾ ಹಾಕ್ಲ್ಯಾ?” ಎನ್ನುತ್ತಿದ್ದಳು. ಗುಡ್ಡದ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ನಾಲ್ಕು ಮಂದಿ ಬಂದು ಒಳ್ಳೆಯದಾಗಲಿ ಎಂದು ಹೋದರೆ ಮಗಳಿಗೆ ಒಳ್ಳೆಯದಾಗುತ್ತದೆ ಎಂಬುದು ಅವಳ ಲೆಕ್ಕ. ಅಡುಗೆಮನೆಯಲ್ಲಿ ಕಪ್ಪು ಬಸಿಗಳ ಸದ್ದಾದರೆ ಸಾಕು, ಇರ್ಫಾನ ಕಿವಿಯ ಮೇಲಿನ ಹೆಡ್‌ಫೋನು ತೆಗೆದು ತಲೆ ಮೇಲೆ ಕೈ ಹೊತ್ತು ಕೂಡುತ್ತಿದ್ದ. ಸಿಪ್ಪೆ ಕಪ್ಪಾದ ಬಾಳೆಹಣ್ಣಿನ ವಾಸನೆ ಕೌದಿಗಳಿಗೆಲ್ಲ ಹತ್ತಿತ್ತು.

ಬಾರದೆಯೂ ಕಾಡುವವಳು ಒಬ್ಬಳಿದ್ದಳು. ಎದುರುಮನೆಯ ಕಾಶವ್ವ ಆಯಿ. ಅವಳಿಗೆ ಕಿವಿ ಮಂದ, ಅದಕ್ಕೇ ಏನೋ ದನಿ ಮಾತ್ರ ಓಣಿಯ ಆ ತುದಿಗೆ ಮುಟ್ಟುವಷ್ಟು. ದಿನಾ ಮಧ್ಯಾಹ್ನ ತನ್ನ ಕಟ್ಟೆಗೆ ಬಂದು ನಮ್ಮ ಕಿಟಕಿಯ ಕಡೆ ಮುಖ ಮಾಡಿ, “ಸುವ್ವೀ, ಉಂಡ್ಯೇನವಾ?” ಎಂದು ಕೂಗುವುದು ಸುವರ್ಣಾ ಬಾಲವಾಡಿಗೆ ಹೋಗುವಾಗಿನಿಂದ ನಡೆದುಬಂದ ಪದ್ಧತಿ. “ಉಂಡೆ ಆಯಿ, ನೀ ಉಂಡಿ?” ಎಂದು ಇವಳು ಕೂಗುವುದೂ ಅಷ್ಟೇ ಹಳೆಯದು. ಉತ್ತರ ಬರುವವರೆಗೆ ಮುದುಕಿ ಕೂಗು ನಿಲ್ಲಿಸುತ್ತಿರಲಿಲ್ಲ. ಓಣಿಯ ಗದ್ದಲ ತಣ್ಣಗಾಗುವುದು ಮಧ್ಯಾಹ್ನವೇ, ನಾವು ರೆಕಾರ್ಡು ಮಾಡುವುದೂ ಆಗಲೇ. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಆಯಿ ಕೂಗಿದ ಕೂಡಲೇ ಸುವರ್ಣಾ ಕಿಟಕಿಗೆ ಹೋಗಿ, ಉಂಡಾಯಿತು ಎಂದು ಕೈಸನ್ನೆ ಮಾಡಿ, ನೀನು ಎಂದು ಬೆರಳು ತೋರಿಸಿ ಬರುವುದು. ಆಮೇಲೆ ನಾವು ಶುರು ಮಾಡುವುದು. ಆಯಿ ಇದಕ್ಕೆ ಒಪ್ಪಿದಳು. ಊರಿನಲ್ಲಿ ನನ್ನ ಮಾತು ಕೇಳಿದ ಏಕೈಕ ಜೀವ ಅದು.

ಉಳಿದವರಿಗಾಗಿ ಒಂದು ದಿನ ರಟ್ಟು ತಂದು, ದೊಡ್ಡ ಅಕ್ಷರದಲ್ಲಿ ‘ದಯವಿಟ್ಟು ಮಾತಾಡಿಸಬೇಡಿ’ ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ. ಕನ್ನಡ ಮೇಡಂ ಆಗಬೇಕೆಂದಿದ್ದ ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಆದರೆ ನಮ್ಮೂರಲ್ಲಿ ಮಾತಾಡಿಸಬೇಡಿ ಎಂದರೆ ಮಾತು ಬಿಟ್ಟಂತೆ, ಮಾತು ಬಿಟ್ಟರೆ ಜಗಳವಾದಂತೆ. ಲೈನ್‌ಮನ್ನರ ಮನೆಯವರು ಊರಿಗೇ ಮಾತು ಬಿಟ್ಟಿದ್ದಾರೆ ಎಂದು ಸುದ್ದಿಯಾಯಿತು. ಯಾಕೆ ಬಿಟ್ಟಿದ್ದಾರೆ ಎಂದು ಕೇಳಲು, ಅದುವರೆಗೆ ಬಾರದವರೂ ಬರಲು ಶುರು ಮಾಡಿದರು!

ಮೂರನೇ ದಿನಕ್ಕೆ ಚಚಡಿಯಿಂದ ಚಿಗವ್ವ, ಅಂದರೆ ಅವ್ವನ ತಂಗಿ, ಅಳುತ್ತಲೇ ಬಸ್ಸಿಳಿದು ಬಂದಳು. ಬಾಗಿಲಲ್ಲಿ ನಿಂತು ಬೋರ್ಡು ಓದಿ ಇನ್ನೂ ಜೋರಾಗಿ ಅತ್ತಳು. “ಯಕ್ಕಾ, ನಾ ಏನ್ ತಪ್ಪ ಮಾಡೇನಂತ ಮಾತ ಬಿಟ್ಟಿ? ಗೃಹಪ್ರವೇಶಕ್ಕ ಫೋನ್ ಮ್ಯಾಲ ಕರದ್ನಂತ ಸಿಟ್ಟೇನು?” ಒಳಗೆ ಬಸು ನಗು ತಡೆಯಲಾರದೆ ಢೋಲಕ್‌ನ ಮೇಲೆಯೇ ಬೋರಲು ಬಿದ್ದ. ಆ ದಿನದ ಹಾಡು ಹಾಳಾಯಿತು. ಚಿಗವ್ವ ಎರಡು ದಿನ ಇದ್ದು ಹೋದಳು.

ಬೋರ್ಡಿನ ಅರ್ಥವನ್ನು ಮನೆಮನೆಗೆ ಹೋಗಿ ಬಿಡಿಸಿ ಹೇಳಿ ಬಂದೆ. ನನ್ನ ಮುಖ ನೋಡಿಯೇ ಇರಬೇಕು, ಈ ಸಲ ಮಂದಿಗೆ ಚೆನ್ನಾಗಿ ಅರ್ಥವಾಯಿತು. ಬರುವವರು ನಿಧಾನಕ್ಕೆ ಕಡಿಮೆಯಾದರು. ಹೊಲಗಳಲ್ಲಿ ಜೋಳ ತೆನೆಗಟ್ಟಿತು, ಇರ್ಫಾನ ಅಂಗಡಿಗೆ ಬೀಗ ಹಾಕಿಕೊಂಡು ಬರುವಾಗ ಜೇಬಿನ ತುಂಬ ಸುಟ್ಟ ಎಳೆಜೋಳದ ಸೀತನಿ ತುಂಬಿಕೊಂಡು ಬರತೊಡಗಿದ. ಹಾಡುಗಳು ಒಂದೊಂದಾಗಿ ಕೈಗೆ ಹತ್ತಿದವು. ಒಂದು ಸಾಲಿಗೆ ಒಂದು ವಾರ ಹಿಡಿದದ್ದೂ ಉಂಟು. ಅವಳು ಹಾಡುವಾಗ ನಾನು ಪೇಟಿಯ ಸ್ವರಗಳನ್ನು ಬೇಕಾದ್ದಕ್ಕಿಂತ ಎಳೆಯುತ್ತಿದ್ದೆ. ಈ ಸಾಲಿನಲ್ಲಿ ಒಡೆಯುತ್ತದೆ, ಈ ಸಾಲಿನಲ್ಲಿ ಒಡೆಯುತ್ತದೆ ಎಂದೇ ಕಾಯುತ್ತಿದ್ದೆ. ಹಾಡು ಮುಗಿದ ಕೂಡಲೇ ಅವಳು ಪಾಟಿ ಎತ್ತಿಕೊಳ್ಳುತ್ತಿದ್ದಳು. ‘ಬಸು ತಾಳ ಬಿಟ್ಟು ಓಡ್ತಾನ.’ ‘ಅಕ್ಕನ ಪೇಟಿ ಅಳತೈತಿ.’ ಬಾಯಿದ್ದಾಗ ಇಷ್ಟು ಚುಚ್ಚುತ್ತಿರಲಿಲ್ಲ.

ಸಂಕ್ರಾಂತಿಗೆ ಐದು ಹಾಡು ಮುಗಿದಿದ್ದವು. ಉಳಿದದ್ದು ಕೊನೆಯದು, ಹೊಳೆಯ ಹಾಡು. ಬೇಸಿಗೆ ಹತ್ತಿರವಾದಂತೆ ನಮ್ಮೂರಿನಲ್ಲಿ ಮಲಪ್ರಭೆ ಸಣ್ಣಗಾಗುತ್ತಾಳೆ. ನೀರು ಮೇಲೆ, ಸವದತ್ತಿಯ ಡ್ಯಾಮಿನಲ್ಲಿ. ಮೇಲಿನವರು ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ‘ಮ್ಯಾಲಿನ ನೀರೇ, ಕೆಳಗಿನ ಊರಿಗೆ ಒಮ್ಮಿ ಬಂದು ಹೋಗ’ ಎಂದು ಹಾಡು ಕರೆಯುತ್ತದೆ. ಕರೆದ ಮೇಲೆ ಎಲ್ಲ ವಾದ್ಯ ನಿಲ್ಲುತ್ತದೆ. ಗಿಟಾರಿನ ಒಂದು ತಂತಿ ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಉತ್ತರಕ್ಕೆ ಕಾದಂತೆ ಒಂದಿಷ್ಟು ಹೊತ್ತು ಖಾಲಿ. ಆಮೇಲೆ ಅವಳ ಧ್ವನಿಯೊಂದೇ ತಾರಕಕ್ಕೆ ಏರಬೇಕು. ‘ಬರತೇನಂತ ಅಂದರ ಸಾಕ, ದಂಡ್ಯಾಗ ಕುಂತೇನಿ.’ ಆ ಏರು ಅವಳಿಗೆ ಸಿಗುತ್ತಿರಲಿಲ್ಲ. ದಿನಾ ಅಲ್ಲಿಯವರೆಗೆ ಹೋಗುವುದು, ಗಂಟಲು ಸಿಕ್ಕಿಕೊಳ್ಳುವುದು, ಇರ್ಫಾನ ಮೆಲ್ಲಗೆ, “ನಾಳೆ ನೋಡೂಣಂತ” ಎನ್ನುವುದು.

ನಾಳೆಗಳು ಮುಗಿದವು. ಮರುದಿನ ಬೆಳಗಾವಿಗೆ ಹೊರಡಬೇಕು ಎನ್ನುವ ದಿನ, ನಾವಿನ್ನೂ ಊಟದ ತಟ್ಟೆಯಿಂದ ಎದ್ದಿರಲಿಲ್ಲ, ಸುವರ್ಣಾ ಕೈ ತೊಳೆದು ಬಂದವಳು ಸಣ್ಣಗೆ ಒಂದು ಸ್ವರ ಹಿಡಿದು ನೋಡಿದಳು. ಧ್ವನಿ ನಿಚ್ಚಳವಾಗಿ ಬಂತು, ದಸರೆಗಿಂತ ಮುಂಚೆ ಇದ್ದ ಹಾಗೆ. ನಾವೆಲ್ಲ ಅವಳ ಮುಖ ನೋಡಿದೆವು. ಅವಳು ಪಾಟಿ ಹುಡುಕಲಿಲ್ಲ, ನಡುಮನೆಯ ಕಡೆ ಬೆರಳು ಮಾಡಿ ಓಡಿದಳು. ಇರ್ಫಾನ ಕೈ ತೊಳೆದನೋ ಇಲ್ಲವೋ ನೆನಪಿಲ್ಲ. ಫ್ಯಾನು, ಫ್ರಿಜ್ಜು, ಬಾಗಿಲು, ಎಲ್ಲ ಬಂದ್. ಈ ಗಡಿಬಿಡಿಯಲ್ಲಿ ಕಿಟಕಿಗೆ ಹೋಗಿ ಆಯಿಗೆ ಕೈ ಮಾಡಿ ಬರುವುದು ಯಾರಿಗೂ ನೆನಪಾಗಲಿಲ್ಲ.

ಅವಳು ಹಾಡಿದಳು. ಬಸು ಮೊದಲ ಸಲ ಓಡಲಿಲ್ಲ. ‘ಒಮ್ಮಿ ಬಂದು ಹೋಗ’ ಎಂದು ಕರೆದಳು. ವಾದ್ಯಗಳು ನಿಂತವು. ತಂತಿಯ ಸಣ್ಣ ದನಿ. ಆ ಖಾಲಿ ಜಾಗಕ್ಕೆ ಸರಿಯಾಗಿ ಓಣಿಯಾಚೆಯಿಂದ ಬಂತು.

“ಸುವ್ವೀ, ಉಂಡ್ಯೇನವಾ?”

ನಾನು ಕಿಟಕಿಯ ಕಡೆ ಏಳಲು ಹೋದೆ. ಅಷ್ಟರಲ್ಲಿ, ಎರಡು ತಿಂಗಳಿಂದ ಒಂದು ಮಾತೂ ಆಡದ ನನ್ನ ತಂಗಿ, ಕಣ್ಣು ಮುಚ್ಚಿಕೊಂಡೇ, ಮೈಕಿಗೆ ಬಾಯಿ ಹಚ್ಚಿಕೊಂಡೇ, ಬಾಲವಾಡಿಯ ಹುಡುಗಿಯ ಹಾಗೆ ಉತ್ತರ ಕೊಟ್ಟಳು.

“ಉಂಡೆ ಆಯಿ, ನೀ ಉಂಡಿ?”

ಕೊಟ್ಟವಳೇ ಬೆಚ್ಚಿ ಕಣ್ಣು ಬಿಟ್ಟಳು. ಹಾಡು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಮತ್ತೆ ಕಣ್ಣು ಮುಚ್ಚಿ ಆ ಸಾಲಿಗೆ ಏರಿದಳು. ‘ಬರತೇನಂತ ಅಂದರ ಸಾಕ.’ ಏರು ಸಿಕ್ಕಿತು. ಪೂರ್ತಿ ಸಿಕ್ಕಿತು. ಕೊನೆಯ ಸ್ವರ ಬಿಟ್ಟ ಮೇಲೆ ಕೆಮ್ಮು ಹತ್ತಿತು, ಕೆಮ್ಮು ನಿಂತಾಗ ಗಂಟಲಲ್ಲಿ ಗಾಳಿ ಬಿಟ್ಟು ಏನೂ ಇರಲಿಲ್ಲ. ಇನ್ನೊಂದು ಸಲ ಹಾಡುವ ಪ್ರಶ್ನೆಯೇ ಇಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ನಾನು ಬಾಗಿಲು ತೆರೆದು ಹೊರಗೆ ಹೋದೆ. ಆಯಿ ಇನ್ನೂ ಕಟ್ಟೆಯ ಮೇಲೆ ಕಿವಿಗೆ ಕೈ ಹಿಡಿದುಕೊಂಡು ನಿಂತಿದ್ದಳು. ಬಾಯಿಗೆ ಬಂದಂತೆ ಬೈದೆ. “ಒಂದ ದಿನಾ, ಒಂದ ದಿನಾ ಸುಮ್ಮ ಕುಂದರಾಕ ಆಗಲಿಲ್ಲೇನ ನಿನಗ? ಯಾರರ ಉಂಡ್ರೇನು ಬಿಟ್ರೇನು?” ಅವಳಿಗೆ ಎಷ್ಟು ಕೇಳಿಸಿತೋ. ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಒಳಗೆ ಬಂದರೆ ಇನ್ನೊಂದು ಜಗಳ. ಆ ಎರಡು ಮಾತನ್ನು ಕತ್ತರಿಸಿ ತೆಗೆ ಎಂದೆ. ತಂತಿಯ ಗುಂಯ್‌ದನಿಯ ಮೇಲೆ ಮಾತು ಕೂತುಬಿಟ್ಟಿದೆ, ಆದರೂ ಹೇಗಾದರೂ ತೇಪೆ ಹಾಕಬಹುದು ಎಂದ ಇರ್ಫಾನ. ಸುವರ್ಣಾ ಪಾಟಿಯ ಮೇಲೆ ‘ಇರ್ಲಿ’ ಎಂದು ಬರೆದಳು. “ಏನ್ ಇರ್ಲಿ? ಮಂದಿ ನಗತಾರ” ಎಂದೆ. ಅದನ್ನು ಅಳಿಸಿ ಇನ್ನೂ ದೊಡ್ಡದಾಗಿ ‘ಇರ್ಲಿ’ ಎಂದು ಬರೆದಳು. ಮೂಕಿಯ ಜೊತೆ ಜಗಳವಾಡಿ ಗೆದ್ದವರು ಯಾರಾದರೂ ಇದ್ದರೆ ಹೇಳಿ. ಅವಳ ಕಣ್ಣು ತಪ್ಪಿಸಿ ಇರ್ಫಾನನಿಗೆ, “ಕತ್ತರಿಸು” ಎಂದು ಹೇಳಿದೆ. ಅವನು, “ಆತ್ರಿ ನಂದಕ್ಕ” ಎಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಹೊರಬಂತು, ಗಾಯ ಮಾಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು, ಇನ್ನು ದಿನಾ ಒಂದೊಂದಿಷ್ಟು ಮಾತಾಡು, ಮಾತಾಡಿದರೇ ಧ್ವನಿ ಕೂಡುತ್ತದೆ ಎಂದರು. ಮನೆಗೆ ಬಂದು ಅವಳು, “ಅವ್ವಾ” ಎಂದಳು. ಬೇರೆ ಯಾರೋ ಕರೆದಂತಿತ್ತು. ದಪ್ಪ, ಒರಟು, ತಳದಲ್ಲಿ ಗರಗರ. ಅವ್ವ ಒಂದು ಗಳಿಗೆ ತಡೆದು ಓ ಎಂದಳು. ಆ ಒಂದು ಗಳಿಗೆ ಸುವರ್ಣಾಳಿಗೆ ಸಾಕಾಯಿತು. ಪಾಟಿ ಎತ್ತಿಕೊಂಡು ‘ಇದು ನಂದಲ್ಲ’ ಎಂದು ಬರೆದಳು. ಆಮೇಲೆ ಬಾಯಿ ತೆರೆಯಲಿಲ್ಲ.

ಎರಡು ತಿಂಗಳು ಅವಳ ಬಾಯಿ ಮುಚ್ಚಿಸಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು. ಈಗ ತೆರೆಸಲು ಹೆಣಗಾಡಿದೆ. ಬೈದೆ, ಗೋಗರೆದೆ, ಬಳಪದ ಡಬ್ಬಿ ಬಚ್ಚಿಟ್ಟೆ. ಅವಳು ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು. ಯಾರಾದರೂ ಬಂದು ಮಾತಾಡಿಸಿದರೆ ಹೂಂ ಎಂದಾಳು ಎಂದುಕೊಂಡರೆ, ಒಂದು ನರಪಿಳ್ಳೆಯೂ ಈ ಕಡೆ ಸುಳಿಯುತ್ತಿಲ್ಲ! ಕಾಯಿಪಲ್ಲೆಯವಳನ್ನು ನಿಲ್ಲಿಸಿ, “ಯಾಕ, ಸುವ್ವೀನ ಮಾತಾಡಿಸಾಕ ಬರಲೇ ಇಲ್ಲಲ್ಲ?” ಎಂದರೆ, “ಬೋರ್ಡ್ ಹಾಕೀರಲ್ಲವಾ. ನಾವೇನ ಓದಾಕ ಬರದವ್ರಾ?” ಎಂದಳು. ಹೋಗಿ ನೋಡಿದರೆ ನನ್ನ ರಟ್ಟು ಬಾಗಿಲ ಮೇಲೆ ಇನ್ನೂ ತೂಗುತ್ತಿತ್ತು. ಕಿತ್ತು ಒಲೆಗೆ ಹಾಕಿದೆ. ಬರ್ರಿ, ಬಂದು ಮಾತಾಡಿಸಿಕೊಂಡು ಹೋಗ್ರಿ ಎಂದು ಮನೆಮನೆಗೆ ಹೇಳಿ ಬಂದೆ. ನಾಲ್ಕಾರು ಮಂದಿ ಬಂದರು, ಬಾಳೆಹಣ್ಣೂ ಬಂತು. ಅವಳು ಪಾಟಿಯಲ್ಲೇ ಉತ್ತರ ಬರೆದಳು. ಬಂದವರು ಇರಿಸುಮುರಿಸಾಗಿ ಚಹಾ ಕುಡಿದು ಎದ್ದರು.

ಮಧ್ಯಾಹ್ನಗಳು ಮಾತ್ರ ಬಹಳ ನಿಶ್ಶಬ್ದವಾಗಿದ್ದವು. ಅದೇಕೆ ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು. ಕಾಶವ್ವ ಆಯಿ ಕೂಗುತ್ತಿರಲಿಲ್ಲ.

ಮಾಗಿ ಚಳಿ ಹರಿದ ಮೇಲೆ ಒಂದು ದಿನ ಇರ್ಫಾನ, ಆರೂ ಹಾಡು ತಯಾರಾದವು ಎಂದು ಸ್ಪೀಕರು ಹಿಡಿದುಕೊಂಡು ಬಂದ, ಹಿಂದೆಯೇ ಬಸು. ಅಪ್ಪನೂ ಊಟಕ್ಕೆ ಬಂದಿದ್ದ. ನಾನು ಎದುರುಮನೆಗೆ ಹೋಗಿ ಆಯಿಯ ಕಿವಿಯ ಹತ್ತಿರ ಕೂಗಿದೆ. “ಸುವ್ವಿ ಹಾಡ ಹಚ್ತೇವಿ, ಬಾ.”

“ನಾ ಬ್ಯಾಡವಾ, ನನ್ನ ಬಾಯಿ ಸುಮ್ಮಿರೂದಿಲ್ಲ. ಮತ್ತೇನರ ಕೆಡಿಸೇನು” ಎಂದಳು.

“ಕೆಡಸೂದೆಲ್ಲಾ ಆಗ್ಲೇ ಕೆಡಿಸೀದಿ. ಇನ್ನೇನ ಉಳದೈತಿ? ಏಳು” ಎಂದು ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ಸ್ಪೀಕರಿನ ಪಕ್ಕಕ್ಕೇ ಕೂಡಿಸಿದೆವು. ಅವಳ ಇನ್ನೊಂದು ಪಕ್ಕ ಸುವರ್ಣಾ, ತೊಡೆಯ ಮೇಲೆ ಪಾಟಿ.

ಐದು ಹಾಡು ಮುಗಿದವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಗೋಡೆಯ ಫೋಟೋ ನೋಡುತ್ತ ಕೂತಿದ್ದ. ಸುವರ್ಣಾ ತಲೆ ತಗ್ಗಿಸಿ ತನ್ನ ಹಳೆಯ ಧ್ವನಿಯನ್ನು ಕೇಳುತ್ತಿದ್ದ ರೀತಿ ನೋಡಿ ನನಗೆ, ಯಾಕಾದರೂ ಇದನ್ನು ಹಚ್ಚಿದೆವೋ ಎನ್ನಿಸಿತು. ಆರನೆಯದು ಶುರುವಾಯಿತು. ‘ಒಮ್ಮಿ ಬಂದು ಹೋಗ.’ ವಾದ್ಯಗಳು ನಿಂತವು, ತಂತಿ ಗುಂಯ್‌ಗುಟ್ಟಿತು. ದೂರದಿಂದ, ಗೋಡೆಯಾಚೆಯ ಸಣ್ಣ ದನಿ, ಸುವ್ವೀ ಎಂದಿತು. ನಾನು ಇರ್ಫಾನನನ್ನು ದುರುಗುಟ್ಟಿ ನೋಡಿದೆ. ಅವನು ಸುವರ್ಣಾಳ ಕಡೆ ಕಣ್ಣು ಮಾಡಿ ಭುಜ ಕುಣಿಸಿದ. ಸ್ಪೀಕರಿನಲ್ಲಿ ಅವಳ ಆ ಎಳೆಯ ಧ್ವನಿ ಕೇಳಿತು.

“ಉಂಡೆ ಆಯಿ, ನೀ ಉಂಡಿ?”

ಆಯಿ ತಟ್ಟನೆ ಸ್ಪೀಕರಿನ ಕಡೆ ಬಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು.

“ಇನ್ನಾ ಇಲ್ಲವಾ!”

“ಯಾಕ ಆಯಿ? ಹೊತ್ತ ಎಷ್ಟಾತು?”

ನಾವೆಲ್ಲ ತಿರುಗಿ ನೋಡಿದೆವು. ಆ ಮಾತು ಸ್ಪೀಕರಿನಿಂದ ಬಂದದ್ದಲ್ಲ. ದಪ್ಪ ಧ್ವನಿ, ಒರಟು, ತಳದಲ್ಲಿ ಗರಗರ. ಆಡಿದವಳಿಗೇ ಗೊತ್ತಾಗಿ ಕೈ ಬಾಯಿಗೆ ಹೋಯಿತು. ಆಯಿ ಮಾತ್ರ ಸ್ಪೀಕರು ಬಿಟ್ಟು ಅವಳ ಕಡೆ ಹೊರಳಿದಳು.

“ಸೊಸಿ ಹೊಲಕ್ಕ ಹೋಗ್ಯಾಳ, ರೊಟ್ಟಿ ಬುಟ್ಟಿ ಮ್ಯಾಲಿಟ್ಟ ಹೋಗ್ಯಾಳ. ನನ್ನ ಕೈಗೆ ನಿಲಕವಲ್ತು” ಎಂದಳು. ಆಮೇಲೆ ಸುವರ್ಣಾಳ ಕೈಯನ್ನು ಬಾಯಿಂದ ಸರಿಸಿದಳು. “ಕೈ ತಗಿ. ಮೊದಲ ನಿಂದು ಕೀಚ್ ಕೀಚ್ ಅಂತಿತ್ತು, ನಾ ಬರೇ ಅಂದಾಜಿಲೇ ಉತ್ತರಾ ಕೊಡತಿದ್ದೆ. ಈಗ ಛಲೋತ್ನ್ಯಾಗ ಕೇಳಸ್ತೈತಿ ನೋಡ. ಇನ್ನೊಮ್ಮಿ ಅನ್ನು.”

ಸುವರ್ಣಾ ಅತ್ತಳೋ ನಕ್ಕಳೋ, ಎರಡೂ ಕೂಡಿತ್ತು. “ಇಲ್ಲೇ ಉಣ್ಣು ಬಾ ಆಯಿ. ಅವ್ವ ಬದನಿಕಾಯಿ ಮಾಡ್ಯಾಳ” ಎಂದಳು. ಯಾವ ಬದನೆಕಾಯಿ, ಎಣ್ಣೆಗಾಯೋ ಬರೇ ಪಲ್ಲೆಯೋ, ಖಾರ ಎಷ್ಟು, ಹಲ್ಲಿಲ್ಲದವರಿಗೆ ನಡೆಯುತ್ತದೋ ಇಲ್ಲವೋ, ಇಬ್ಬರೂ ಶುರುಹಚ್ಚಿಕೊಂಡರು. ಪಕ್ಕದಲ್ಲಿ ಸ್ಪೀಕರು, ಅಷ್ಟು ಪಾಡು ಪಟ್ಟು ಹಿಡಿದ ಆ ಏರನ್ನು ಹಾಡುತ್ತಿತ್ತು. ಅವರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇರ್ಫಾನ ತಲೆ ಮೇಲೆ ಕೈ ಹೊತ್ತ. ನಾನು ಸ್ಪೀಕರು ಬಂದ್ ಮಾಡಿ, ಆಯಿಗೆ ತಟ್ಟೆ ತರಲು ಒಳಗೆ ಹೋದೆ.